ಕಟ್ಟಿದವರಿಗೆ ಹಾರ, ಹಂಚುವವರಿಗೆ ಬೈಗುಳ

ಓದುಗರ ಪತ್ರ: ‘ನನ್ನ ಮಗ ನೀರಾವರಿಯಲ್ಲಿ ಸಹಾಯಕ ಎಂಜಿನಿಯರ್. ತುಂಗಭದ್ರಾ ಎಡದಂಡೆ ಕಾಲುವೆಯ ಮೇಲಿದ್ದಾನೆ. ಗೇಜ್ (ನೀರಿನ ಮಟ್ಟದ ಅಳತೆಪಟ್ಟಿ) ನೋಡುವುದು, ತೂಬು ಮುಚ್ಚಿಸುವುದು, ಮೇಲ್ಭಾಗದವರಿಂದಲೂ ಕೊನೆಭಾಗದವರಿಂದಲೂ ಬೈಸಿಕೊಳ್ಳುವುದು, ಇಷ್ಟೇ ಕೆಲಸ. ಇದಕ್ಕೆ ಬಿ.ಇ. ಓದಬೇಕಿತ್ತೇ? ಗೇಟುಗಳಿಗೆಲ್ಲ ಕಂಪ್ಯೂಟರ್ ಕೂಡಿಸಿದರೆ ಮುಗಿಯಿತಲ್ಲ! ವಿನ್ಯಾಸ ವಿಭಾಗಕ್ಕೆ ವರ್ಗ ಮಾಡಿಸಿಕೋ ಎನ್ನುತ್ತಿದ್ದೇನೆ. ನಿಮ್ಮ ಅಭಿಪ್ರಾಯವೇನು?’ (ರಾಯಚೂರು ಜಿಲ್ಲೆಯ ಓದುಗರೊಬ್ಬರು)

ಮಾನ್ಯರೇ,

ತಂದೆಯಾಗಿ ನಿಮ್ಮ ಸಂಕಟ ಅರ್ಥವಾಗುತ್ತದೆ. ಓದಿಸಿ ಬೆಳೆಸಿದ ಮಗ ದಿನಾ ಬೈಗುಳ ತಿಂದು ಮನೆಗೆ ಬರುವುದನ್ನು ಯಾರು ತಾನೇ ಸಹಿಸುತ್ತಾರೆ? ಆದರೆ ‘ಇಷ್ಟೇ ಕೆಲಸ’ ಅಂದಿರಲ್ಲ, ಅದನ್ನು ಒಪ್ಪಲಾರೆ. ನನ್ನ ಕೇಳಿದರೆ ನಿಮ್ಮ ಮಗ ಮಾಡುತ್ತಿರುವುದೇ ನೀರಾವರಿ. ಮಿಕ್ಕಿದ್ದೆಲ್ಲ ಕಟ್ಟಡ ಕೆಲಸ.

ಮೇಲ್ಭಾಗದ ರೈತನೊಬ್ಬ ತನ್ನ ತೂಬಿನಿಂದ ಸ್ವಲ್ಪ ಕೆಳಗೆ, ಉಪಕಾಲುವೆಗೆ ನಾಲ್ಕು ಕಲ್ಲು, ಒಂದು ಮರದ ದಿಮ್ಮಿ ಅಡ್ಡ ಹಾಕುತ್ತಾನೆ ಎಂದಿಟ್ಟುಕೊಳ್ಳಿ. ಅಲ್ಲಿ ನೀರಿನ ಮಟ್ಟ ಏರುತ್ತದೆ. ತೂಬಿನ ಮೇಲೆ ನೀರು ಎತ್ತರವಾದಷ್ಟೂ ಒಳಗೆ ನುಗ್ಗುವುದು ಹೆಚ್ಚು. ತೂಬು ಒಡೆದಿಲ್ಲ, ಬೀಗ ಮುರಿದಿಲ್ಲ, ಆದರೂ ಅವನ ಗದ್ದೆಗೆ ಪಾಲಿಗಿಂತ ಜಾಸ್ತಿ ನೀರು. ಹತ್ತಿರದಲ್ಲೇ ಗೇಜ್ ಇದ್ದರೆ ಅದರ ಅಂಕಿಯೂ ಏರುತ್ತದೆ. ರಿಜಿಸ್ಟರ್ ನೋಡಿದವರಿಗೆ ಕಾಲುವೆ ತುಂಬಿ ಹರಿಯುತ್ತಿದೆ, ನಿಜವಾಗಿ ಕೆಳಗೆ ಹೋಗುತ್ತಿರುವುದು ಕಡಿಮೆ. ಕೊನೆಭಾಗದವರು ನೀರು ಬಂದಿಲ್ಲ ಎನ್ನುತ್ತಾರೆ, ಕಚೇರಿಯವರು ಅಂಕಿ ತೋರಿಸುತ್ತಾರೆ. ಇಬ್ಬರೂ ಸುಳ್ಳು ಹೇಳುತ್ತಿಲ್ಲ. ದಂಡೆಯ ಮೇಲೆ ನಡೆದುಹೋಗಿ ಆ ಕಲ್ಲುಗಳನ್ನು ಕಂಡವನಿಗೆ ಮಾತ್ರ ಸಂಗತಿ ತಿಳಿಯುತ್ತದೆ. ಹರಿವು ಅಳೆಯಲು ಕಾಲುವೆಯನ್ನು ಕಿರಿದಾಗಿಸಿ ಕಟ್ಟಿದ ಫ್ಲೂಮ್‌ನಲ್ಲಿ ನೀರಿನ ಎತ್ತರವನ್ನು ಶೇ 10ರಷ್ಟು ತಪ್ಪಾಗಿ ಓದಿದರೆ ಹರಿವಿನ ಲೆಕ್ಕ ಶೇ 15ರಷ್ಟು ತಪ್ಪುತ್ತದೆ. ಇದಕ್ಕೆ ಬಿ.ಇ. ಬೇಡವೇ?

ಕಂಪ್ಯೂಟರ್ ಬೇಡ ಎನ್ನುವವನಲ್ಲ ನಾನು. ನಾರಾಯಣಪುರ ಎಡದಂಡೆ ಕಾಲುವೆಗೆ ದೂರದಿಂದಲೇ ಕಂಪ್ಯೂಟರಿನಲ್ಲಿ ನಿಯಂತ್ರಿಸುವ ಸ್ಕಾಡಾ ಗೇಟುಗಳು ಬಂದಿವೆ, ಒಳ್ಳೆಯದೇ ಆಯಿತು. ಆದರೆ ಗೇಟಿನಾಚೆ ಕಾಲುವೆಗೆ ಪಂಪ್‌ಸೆಟ್ ಇಳಿಸಿದವನ ಮುಂದೆ ಯಾರಾದರೂ ಹೋಗಿ ನಿಲ್ಲಲೇಬೇಕು.

ವಿಶ್ವೇಶ್ವರಯ್ಯನವರೆಂದರೆ ನಮಗೆ ಕನ್ನಂಬಾಡಿ ಕಟ್ಟೆ. ಪ್ರತಿ ಸೆಪ್ಟೆಂಬರ್ 15ಕ್ಕೆ ಅವರ ಫೋಟೋಗೆ ಹಾರ ಹಾಕಿ ಅದನ್ನೇ ಹೊಗಳುತ್ತೇವೆ. ಅವರು ಮೈಸೂರಿಗೆ ಮುಖ್ಯ ಎಂಜಿನಿಯರಾಗಿ ಬಂದದ್ದು 1909ರಲ್ಲಿ. ಅದಕ್ಕೂ ಸುಮಾರು ಹತ್ತು ವರ್ಷ ಮೊದಲೇ, ಮುಂಬೈ ಪ್ರಾಂತ್ಯದ ನೌಕರಿಯಲ್ಲಿದ್ದಾಗ, ಪುಣೆ ಕಡೆಯ ನೀರಾ ಕಾಲುವೆಗೆ ಅವರು ಜಮೀನನ್ನು ಬ್ಲಾಕುಗಳಾಗಿ ವಿಂಗಡಿಸಿ ನೀರು ಕೊಡುವ ಬ್ಲಾಕ್ ಪದ್ಧತಿ ರೂಪಿಸಿದ್ದರು. ನೀರೆಲ್ಲ ಕೆಲವೇ ಕಡೆಯ ಕಬ್ಬಿಗೆ ಮುಗಿದುಹೋಗದೆ ಹೆಚ್ಚು ಹಳ್ಳಿಗಳಿಗೆ ಹಂಚಿಕೆಯಾಗಲಿ ಎಂಬುದೇ ಅದರ ಉದ್ದೇಶ. ಅಂದರೆ ನಿಮ್ಮ ಮಗ ಇಂದು ಮಾಡುತ್ತಿರುವ ಕೆಲಸ! ಈ ಮಾತು ಯಾವ ಭಾಷಣದಲ್ಲೂ ನನ್ನ ಕಿವಿಗೆ ಬಿದ್ದಿಲ್ಲ.

ಬೇರೆ ದೇಶದವರು ಈ ಕೆಲಸವನ್ನು ಹೀಗೆ ಹಗುರವಾಗಿ ಕಂಡಿಲ್ಲ. ಅಮೆರಿಕದ ವಯೋಮಿಂಗ್ ರಾಜ್ಯ 1889ರಲ್ಲಿ ಸಂವಿಧಾನ ಬರೆದುಕೊಂಡಾಗ, ನೀರು ರಾಜ್ಯದ ಸ್ವತ್ತು ಎಂದು ಸಾರಿ, ಅದರ ಹಂಚಿಕೆ ನೋಡಿಕೊಳ್ಳುವ ಸ್ಟೇಟ್ ಎಂಜಿನಿಯರ್ ಹುದ್ದೆಯನ್ನು ಅದರಲ್ಲೇ ಬರೆದಿಟ್ಟಿತು. ಆ ಹುದ್ದೆಗೆ ಮೊದಲು ಬಂದ ಎಲ್ವುಡ್ ಮೀಡ್ ಅವರ ಹೆಸರನ್ನೇ ಮುಂದೆ ಹೂವರ್ ಅಣೆಕಟ್ಟಿನ ಜಲಾಶಯಕ್ಕೆ ಇಟ್ಟರು. ಸ್ಪೇನಿನ ವೆಲೆನ್ಸಿಯಾದಲ್ಲಿ ಇವತ್ತಿಗೂ ಪ್ರತಿ ಗುರುವಾರ ಮಧ್ಯಾಹ್ನ ಚರ್ಚಿನ ಬಾಗಿಲಲ್ಲಿ ಕಾಲುವೆ ನೀರಿನ ಪಂಚಾಯ್ತಿ ಕೂರುತ್ತದೆ. 2009ರಲ್ಲಿ ಯುನೆಸ್ಕೊ ಅದನ್ನು ಪರಂಪರೆಯ ಪಟ್ಟಿಗೆ ಸೇರಿಸಿತು. ನಮ್ಮಲ್ಲಿ ಇದೇ ಕೆಲಸ ಮಾಡುವ ಎಂಜಿನಿಯರಿಗೆ ಸ್ವಂತ ತಂದೆಯೇ ವರ್ಗ ಮಾಡಿಸಿಕೋ ಎನ್ನುತ್ತಾರೆ. ಬೇಸರ ಮಾಡಿಕೊಳ್ಳಬೇಡಿ, ಅನ್ನಿಸಿದ್ದನ್ನು ಹೇಳಿಬಿಟ್ಟೆ.

ಮೇಲ್ಭಾಗದವರಿಗೂ ಅವರ ಕಷ್ಟಗಳಿವೆ. ಸಾಲ ಮಾಡಿ ಗದ್ದೆ ಮಾಡಿಕೊಂಡವರು ಭತ್ತ ಬಿಡಿ ಎಂದರೆ ರಾತ್ರೋರಾತ್ರಿ ಬಿಡಲಾರರು. ಆದರೆ 227 ಕಿಲೋಮೀಟರ್ ಉದ್ದದ ನಿಮ್ಮ ಎಡದಂಡೆ ಕಾಲುವೆಯನ್ನು ಬಹುಪಾಲು ಜೋಳ, ಹತ್ತಿಯಂಥ ಕಡಿಮೆ ನೀರಿನ ಬೆಳೆಗಳ ಲೆಕ್ಕದಲ್ಲಿ ರೂಪಿಸಿದ್ದು. ಅದರ ಮೇಲ್ಭಾಗದಲ್ಲಿ ಭತ್ತ ನಿಂತರೆ ಮಾನ್ವಿ, ಸಿರವಾರದವರು ಏನು ಬೆಳೆಯಬೇಕು? ಜಲಾಶಯದಲ್ಲೂ ಹೂಳು ತುಂಬಿದೆ. 133 ಟಿಎಂಸಿ ಹಿಡಿಯುತ್ತಿದ್ದದ್ದು 105ರ ಆಸುಪಾಸಿಗೆ ಇಳಿದಿದೆ. 2024ರ ಆಗಸ್ಟ್‌ನಲ್ಲಿ 19ನೇ ಕ್ರಸ್ಟ್ ಗೇಟ್ ಕೊಚ್ಚಿಹೋದಾಗ ರಾಜ್ಯವೆಲ್ಲ ಟಿವಿ ಮುಂದೆ ಕುಳಿತಿತ್ತು. ಹರಿಯುವ ನೀರಿನಲ್ಲೇ ಗೇಟಿನ ಜಾಗ ಮುಚ್ಚುವ ತಾತ್ಕಾಲಿಕ ಸ್ಟಾಪ್‌ಲಾಗ್ ಇಳಿಸಿದವರನ್ನು ಹೊತ್ತು ಮೆರೆಸಿದೆವು, ಮೆರೆಸಬೇಕಾದ್ದೇ. ಕಾಲುವೆಯುದ್ದಕ್ಕೂ ದಿನಾ ಸೋರುವ ನೀರಿಗೆ ಮಾತ್ರ ಯಾವ ಕ್ಯಾಮೆರಾವೂ ಬರುವುದಿಲ್ಲ.

ಕಾವೇರಿಯ ವಿಷಯದಲ್ಲಿ ನಮಗೆ ದಶಾಂಶವೂ ಬಾಯಿಪಾಠ. 2018ರ ಸುಪ್ರೀಂ ಕೋರ್ಟ್ ತೀರ್ಪಿನ ಪ್ರಕಾರ ಬಿಳಿಗುಂಡ್ಲುವಿನಲ್ಲಿ ತಮಿಳುನಾಡಿಗೆ ವರ್ಷಕ್ಕೆ 177.25 ಟಿಎಂಸಿ ಬಿಡಬೇಕೆಂದು ಬಸ್‌ಸ್ಟ್ಯಾಂಡಿನಲ್ಲಿ ನಿಂತವರೂ ಹೇಳುತ್ತಾರೆ. ಒಂದೇ ಉಪಕಾಲುವೆಯ ಮೇಲಿನ ಊರು ಎಷ್ಟು ತೆಗೆದುಕೊಂಡಿತು, ಕೆಳಗಿನ ಊರಿಗೆ ಎಷ್ಟು ಸಿಕ್ಕಿತು ಎಂದು ಕೇಳಿ, ಉತ್ತರಿಸುವವರಿಲ್ಲ. ಪಕ್ಕದ ರಾಜ್ಯದ ಜೊತೆ ಜಗಳವಾಡಲು ಬೇಕಾದ ಲೆಕ್ಕ ಪಕ್ಕದ ಹೊಲದವನಿಗೆ ನ್ಯಾಯ ಕೊಡಲು ಬೇಡವಾಯಿತೇ? ಕಾಲುವೆ ನೀರಿನ ಕಳ್ಳತನ ತಡೆಯಲೆಂದೇ 2024ರಲ್ಲಿ ನೀರಾವರಿ ಕಾಯ್ದೆಗೆ ತಿದ್ದುಪಡಿ ತಂದರು. ಅದನ್ನು ಜಾರಿ ಮಾಡಲು ಹೋಗುವ ಹುಡುಗನ ಬೆನ್ನಿಗೆ ಒಬ್ಬ ಪೊಲೀಸನಾದರೂ, ಅವನ ಕೈಕೆಳಗೆ ನೀರು ಬಿಡುವ ನೌಕರರು, ಅಂದರೆ ಸಾಕಷ್ಟು ಸೌಡಿಗಳಾದರೂ ಬೇಡವೇ? ಶಾಸಕರ ಒಂದು ಫೋನಿಗೆ ಮುಚ್ಚಿಸಿದ ತೂಬು ಮತ್ತೆ ತೆರೆದುಕೊಳ್ಳುವುದಾದರೆ ಕಾಯ್ದೆ ಇದ್ದೇನು ಫಲ?

ವರ್ಗಾವಣೆಯ ಮಾತು ಸದ್ಯಕ್ಕೆ ಬಿಡಿ, ಈ ಹಂಗಾಮಿನ ನೀರು ನಿಲ್ಲಿಸುವವರೆಗಾದರೂ ಅವನು ಅಲ್ಲೇ ಇರಲಿ. ಉಪಕಾಲುವೆಯ ತಲೆಯ ಗೇಜ್ ಮತ್ತು ಕೊನೆಯ ಗೇಜ್, ಎರಡನ್ನೂ ಪ್ರತಿದಿನ ಬೆಳಿಗ್ಗೆ ನೀರು ಬಳಕೆದಾರರ ಸಂಘದ ಬೋರ್ಡಿನ ಮೇಲೆ ಅಕ್ಕಪಕ್ಕ ಬರೆಸಲು ಹೇಳಿ. ಅದಕ್ಕೆ ಯಾರ ಅಪ್ಪಣೆಯೂ ಬೇಕಾಗದು. ಅಪ್ಪಣೆ ಬೇಕೆಂದು ಯಾರಾದರೂ ತಡೆದರೆ ನನಗೆ ಇನ್ನೊಂದು ಪತ್ರ ಬರೆಯಿರಿ, ಇದೇ ಪುಟದಲ್ಲಿ ಅಚ್ಚು ಹಾಕುತ್ತೇನೆ.

– ಸಂಪಾದಕ