ಗುಡ್ಡದೊಳಗಿನ ಒಂಬತ್ತು ಅಂಕೆಗಳು

ವಿರಾಜಪೇಟೆಯ ಬಿ.ಎಸ್‌ಸಿ. ವಿದ್ಯಾರ್ಥಿನಿಯೊಬ್ಬರ ಪತ್ರ: ‘ಒಂದು ಪುಸ್ತಕ ಟೆನ್ಸರ್ ಎಂದರೆ ಅಂಕೆಗಳ ಚೌಕ ಎನ್ನುತ್ತದೆ. ಇನ್ನೊಂದು, ಟೆನ್ಸರ್ ಹಾಗೆ ಬದಲಾಗುವುದೇ ಟೆನ್ಸರ್ ಎನ್ನುತ್ತದೆ. ಲೆಕ್ಕ ಮಾಡಲು ಬರುತ್ತದೆ. ಏನು ಮಾಡುತ್ತಿದ್ದೇನೆ ಅಂತ ಗೊತ್ತಾಗುವುದಿಲ್ಲ.’

ಸಂಪಾದಕರ ಉತ್ತರ:

ನಿಮ್ಮ ಕೊನೆಯ ಸಾಲು ನನಗೆ ತುಂಬಾ ಹಿಡಿಸಿತು. ಅಂಕ ಬಂದರೆ ಸಾಕು ಎಂದು ನೀವು ಸುಮ್ನೆ ಇರಲಿಲ್ಲ. ಪುಸ್ತಕ ಸ್ವಲ್ಪ ಹೊತ್ತು ಪಕ್ಕಕ್ಕಿಡಿ. ನಿಮ್ಮೂರಿನ ಒಂದು ಕಾಫಿ ತೋಟದ ಇಳಿಜಾರನ್ನು ನೆನೆಸಿಕೊಳ್ಳಿ.

ಅಲ್ಲಿ ಎರಡಾಳು ಆಳದಲ್ಲಿ ಮಣ್ಣಿನ ಮೇಲೆ ಎಷ್ಟು ಬಲ ಬೀಳುತ್ತಿದೆ? ಒಂದು ಅಂಕೆಯಲ್ಲಿ ಹೇಳಲಾಗದು. ಅಳತೆಯ ಜೊತೆ ದಿಕ್ಕನ್ನೂ ಹೇಳುವ ಒಂದು ವೆಕ್ಟರ್ ಕೂಡ ಸಾಲದು. ‘ಯಾವ ಮುಖದ ಮೇಲೆ?’ ಎಂದು ಮೊದಲು ಕೇಳಬೇಕು. ಮುಖ ಅಂದರೆ ಸೀಳಿದಾಗ ಕಾಣುವ ಮೇಲ್ಮೈ. ಆ ಜಾಗದಲ್ಲಿ ಮಣ್ಣನ್ನು ಇಳಿಜಾರಿನ ಉದ್ದಕ್ಕೆ ಸೀಳಿದಿರಿ ಅಂದುಕೊಳ್ಳಿ. ಮೇಲಿನ ಮಣ್ಣು ಕೆಳಗಿನದನ್ನು ಒತ್ತುತ್ತದೆ, ಜೊತೆಗೆ ಕೆಳಕ್ಕೆ ಜಾರಿಸಲೂ ನೋಡುತ್ತದೆ. ಅದೇ ಜಾಗದಲ್ಲಿ ನೆಟ್ಟಗೆ ಸೀಳಿದರೆ ಬಲವೂ ಬೇರೆ, ಅದರ ದಿಕ್ಕೂ ಬೇರೆ. ಮುಖದ ದಿಕ್ಕು ಕೊಟ್ಟರೆ ಅದರ ಮೇಲಿನ ಬಲ ಯಾವುದೆಂದು ಹೇಳುವ ನಿಯಮ ಅಲ್ಲೇ ಮಣ್ಣಿನೊಳಗಿದೆ. ಅದೇ ಟೆನ್ಸರ್. ಇದಕ್ಕೆ ಸ್ಟ್ರೆಸ್ ಟೆನ್ಸರ್ ಎಂದು ಹೆಸರು.

ಒಂದಕ್ಕೊಂದು ಲಂಬವಾದ ಮೂರು ಮುಖಗಳ ಮೇಲಿನ ಬಲ ಗೊತ್ತಿದ್ದರೆ ಉಳಿದ ಎಲ್ಲ ಮುಖಗಳದ್ದೂ ಸಿಗುತ್ತದೆ. ಇದನ್ನು 1822ರಲ್ಲಿ ಕಂಡುಕೊಂಡವರು ಫ್ರಾನ್ಸಿನ ಗಣಿತಜ್ಞ ಕೋಶಿ. ಮೂರು ಮುಖ, ಪ್ರತಿ ಮುಖಕ್ಕೆ ಬಲದ ಮೂರು ಭಾಗ: ಒಂಬತ್ತು ಅಂಕೆ. ನಿಮ್ಮ ಮೊದಲ ಪುಸ್ತಕದ ಚೌಕ ಇದೇ. ಆದರೆ ಚೌಕ ಟೆನ್ಸರಿನ ಫೋಟೋ ಮಾತ್ರ.

ಒಂದು ಮರದ ಪಟ್ಟಿಯನ್ನು ಎರಡೂ ತುದಿ ಹಿಡಿದು ಎಳೆಯಿರಿ. ಎರಡು ಆಯಾಮ ಸಾಕು. ಒಂದು ಅಕ್ಷ, ಅಂದರೆ ದಿಕ್ಕು ಅಳೆಯಲು ನಾವು ಎಳೆದುಕೊಳ್ಳುವ ಗೆರೆ, ಪಟ್ಟಿಯ ಉದ್ದಕ್ಕಿದ್ದರೆ ಚೌಕದ ಮೊದಲ ಸಾಲು 10, 0. ಎರಡನೆಯದು 0, 0. ಈಗ ಅಕ್ಷಗಳನ್ನು ಗಡಿಯಾರದ ಮುಳ್ಳಿನಂತೆ 45 ಡಿಗ್ರಿ ತಿರುಗಿಸಿ. ಚೌಕದ ಮೊದಲ ಸಾಲು 5, 5, ಎರಡನೆಯದೂ 5, 5 ಆಗುತ್ತದೆ. ಒಂದು ಅಂಕೆಯೂ ಹಾಗೇ ಉಳಿಯಲಿಲ್ಲ, ಆದರೆ ಪಟ್ಟಿಗೆ ಏನೂ ಆಗಿಲ್ಲ, ಅಲ್ವಾ? ಎರಡನೆಯ ಪುಸ್ತಕ ಹೇಳುವ ‘ಬದಲಾಗುವ ನಿಯಮ’ ಇದೇ. ಎರಡು ಫೋಟೋಗಳೂ ಒಂದೇ ವಸ್ತುವಿನವು ಎಂದು ತೋರಿಸುವ ಲೆಕ್ಕ ಅದು. 1915ರಲ್ಲಿ ಐನ್‌ಸ್ಟೈನ್ ಗುರುತ್ವದ ಸಮೀಕರಣಗಳನ್ನು ಟೆನ್ಸರ್‌ಗಳಲ್ಲಿ ಬರೆದದ್ದೂ ಇದಕ್ಕೇ. ಯಾರು ಅಕ್ಷ ಹೇಗೇ ಇಟ್ಟರೂ ನಿಯಮ ಒಂದೇ ಇರಬೇಕಿತ್ತು.

ಹಾಗಾಗಿ ಅಂಕೆಗಳ ಚೌಕವೆಲ್ಲ ಟೆನ್ಸರ್ ಅಲ್ಲ. ಕಾಫಿ, ಕರಿಮೆಣಸು, ಏಲಕ್ಕಿಯ ಮೂರು ತಿಂಗಳ ಬೆಲೆ ಬರೆದರೂ ಒಂಬತ್ತು ಅಂಕೆಗಳೇ. ಅಲ್ಲಿ ಅಕ್ಷ ತಿರುಗಿಸುವುದು ಎಂಬ ಮಾತಿಗೆ ಅರ್ಥವೇ ಇಲ್ಲ.

ಇಳಿಜಾರಿಗೆ ಮರಳುತ್ತೇನೆ. 2018ರ ಆಗಸ್ಟ್ ಮಳೆಯಲ್ಲಿ ಮಕ್ಕಂದೂರು, ಜೋಡುಪಾಲದ ಕಡೆ ಗುಡ್ಡಗಳು ಜಾರಿದ್ದನ್ನು ನೀವು ಮರೆತಿರಲಾರಿರಿ. ಮಳೆಯೊಂದೇ ಕಾರಣವಲ್ಲ, ಗುಡ್ಡ ಕಡಿದದ್ದೂ ಇತ್ತು. ಆದರೆ ನೀರು ಒಳಗೆ ಮಾಡುವ ಕೆಲಸವನ್ನು ಟೆನ್ಸರ್ ತುಂಬಾ ಚೆನ್ನಾಗಿ ತೋರಿಸುತ್ತದೆ. ನಿಂತ ನೀರು ಯಾವ ಮುಖವನ್ನಾದರೂ ನೇರವಾಗಿ, ಒಂದೇ ಸಮ ಒತ್ತುತ್ತದೆ. ಓರೆಯಾಗಿ ಎಳೆಯುವುದಿಲ್ಲ. ಅದರ ಚೌಕದಲ್ಲಿ ಕರ್ಣದ ಮೇಲೆ, ಅಂದರೆ ಎಡ ಮೇಲ್ಮೂಲೆಯಿಂದ ಬಲ ಕೆಳಮೂಲೆಗೆ ಹೋಗುವ ಓರೆ ಸಾಲಿನಲ್ಲಿ, ಒಂದೇ ಅಂಕೆ, ಉಳಿದೆಡೆ ಸೊನ್ನೆ. ಅಕ್ಷ ಹೇಗೆ ತಿರುಗಿಸಿದರೂ ಅದು ಹಾಗೇ ಇರುತ್ತದೆ. ಮಣ್ಣಿನ ಸಂದಿಗಳಲ್ಲಿ ನೀರು ತುಂಬಿದಾಗ, ಕಣಗಳು ಒಂದನ್ನೊಂದು ಒತ್ತುತ್ತಿದ್ದ ಭಾರದಲ್ಲಿ ಒಂದು ಪಾಲನ್ನು ನೀರು ಹೊರುತ್ತದೆ. ಕಣಗಳ ಪಾಲಿನ ಕರ್ಣದ ಅಂಕೆಗಳು ಇಳಿಯುತ್ತವೆ. ಕರ್ಣದ ಹೊರಗಿನ, ಜಾರಿಸುವ ಅಂಕೆಗಳನ್ನು ನೀರು ಇಳಿಸಲಾರದು. ಹಿಡಿತ ಸಡಿಲ, ಎಳೆತ ಮೊದಲಿನಷ್ಟೇ. ಗುಡ್ಡದ ಬರೆ ಕುಸಿಯುತ್ತದೆ.

ಒಂದು ಕೆಲಸ ಮಾಡಿ. ಮರದ ಪಟ್ಟಿಯ ಅಕ್ಷಗಳನ್ನು ಈ ಸಲ 30 ಡಿಗ್ರಿ ತಿರುಗಿಸಿ. ಕರ್ಣದಲ್ಲಿ 7.5 ಮತ್ತು 2.5 ಬರಬೇಕು. ಮೂರೂ ಚೌಕಗಳಲ್ಲಿ ಕರ್ಣ ಕೂಡಿಸಿ ನೋಡಿ, ಏನು ಕಂಡಿತೆಂದು ನನಗೆ ಬರೆಯಿರಿ.