ಮೈಸೂರಿನಲ್ಲಿ ರೂಮು ಮಾಡಿಕೊಂಡಿರುವವರು ಓಟ್ಸ್, ಬ್ರೊಕೋಲಿ ಇಲ್ಲದೆ ಒಳ್ಳೆಯ ಊಟ ಮಾಡಬಹುದೇ?

ಧಾರಾಳವಾಗಿ ಮಾಡಬಹುದು. ಒಂದೇ ಒಲೆ, ಒಂದು ಕುಕ್ಕರು, ಫ್ರಿಜ್ ಇಲ್ಲ ಅಂತ ಬರೆದಿದ್ದೀರಿ. ನಮ್ಮ ಸೀಮೆಯ ಅಡುಗೆಗೆ ಅಷ್ಟಿದ್ದರೆ ಸಾಕು. ನಾನು ಮಂಡ್ಯ ಕಡೆಯವಳು, ಈಗ ಸಂಸಾರ ಮೈಸೂರಲ್ಲಿ.

ಏನು ಅಡುಗೆ ಅಂತ ಮನೆಯಲ್ಲೇ ತೀರ್ಮಾನ ಮಾಡಿ ಚೀಟಿ ಬರೆದುಕೊಂಡು ಮಾರ್ಕೆಟ್ಟಿಗೆ ಹೋಗಬೇಡಿ. ದೇವರಾಜ ಮಾರುಕಟ್ಟೆಗೋ ಎಂ.ಜಿ. ರಸ್ತೆಗೋ ಹೋಗಿ ಒಂದು ಸುತ್ತು ಹಾಕಿ. ಯಾವುದು ಎಲ್ಲರ ಮುಂದೆಯೂ ರಾಶಿ ಬಿದ್ದಿದೆಯೋ, ಯಾವುದರ ರೇಟು ಇಳಿದಿದೆಯೋ, ಬಹುಮಟ್ಟಿಗೆ ಅದೇ ಈ ಕಾಲದ ಬೆಳೆ. ಅದನ್ನು ತನ್ನಿ. ಅಡುಗೆಯ ಕ್ರಮ ಒಂದೇ ಇರಲಿ, ಒಳಗೆ ಬೀಳುವುದು ಬದಲಾಗುತ್ತಿರಲಿ.

ಆ ಕ್ರಮಕ್ಕೆ ಬಸ್ಸಾರಿನಷ್ಟು ಅನುಕೂಲದ್ದು ಬೇರೆ ಇಲ್ಲ. ತೊಗರಿಬೇಳೆಯೋ ಹೆಸರುಕಾಳೋ ಅಲಸಂದೆಯೋ ಮುಕ್ಕಾಲು ಬೆಂದ ಮೇಲೆ ಸೊಪ್ಪು ಹಾಕಿ ಬೇಯಿಸಿ, ಕಟ್ಟು, ಅಂದರೆ ಬೇಯಿಸಿದ ನೀರು, ಬಸಿದುಕೊಳ್ಳಿ. ಈರುಳ್ಳಿ, ಬೆಳ್ಳುಳ್ಳಿ, ಜೀರಿಗೆ, ಮೆಣಸು, ಒಣಮೆಣಸಿನಕಾಯಿ ಹುರಿದು, ಕಾಯಿ, ಹುಣಸೆ, ಒಂದು ಹಿಡಿ ಬೆಂದ ಸೊಪ್ಪು ಸೇರಿಸಿ ರುಬ್ಬಿ ಕಟ್ಟಿಗೆ ಹಾಕಿ ಕುದಿಸಿದರೆ ಸಾರು. ಉಳಿದ ಸೊಪ್ಪು-ಕಾಳಿಗೆ ಒಗ್ಗರಣೆ ಕೊಟ್ಟರೆ ಪಲ್ಯ. ಬೇಯಿಸಿದ ನೀರಿಗೆ ಇಳಿದ ಸತ್ವ ಚರಂಡಿಗೆ ಹೋಗದೆ ತಟ್ಟೆಗೇ ಬರುತ್ತದೆ. ರುಬ್ಬುವುದಕ್ಕೆ ಬೇಜಾರಾದ ದಿನ ಕಟ್ಟಿಗೆ ಉಪ್ಪು ಹಾಕಿ, ಖಾರ ಬೇರೆ ಇಟ್ಟುಕೊಂಡು ಉಪ್ಸಾರು ಮಾಡಿಕೊಳ್ಳಿ.

ಮಳೆ ಬಿದ್ದ ಮೇಲೆ ಹಳ್ಳಿಯಿಂದ ಬರುವ ಹೆಂಗಸರ ಹತ್ತಿರ ಬೆರಕೆ ಸೊಪ್ಪು ಕೇಳಿ. ಅಣ್ಣೆ, ಹೊನಗೊನ್ನೆ, ಗಣಿಕೆ, ಗೋಣಿ ಎಲ್ಲ ಒಟ್ಟಿಗೆ ಸಿಗುತ್ತವೆ. ಗುರುತಿಲ್ಲದ ಸೊಪ್ಪನ್ನು ನೀವೇ ಕೀಳಲು ಹೋಗಬೇಡಿ. ಡಿಸೆಂಬರ್ ಹೊತ್ತಿಗೆ ಅವರೆಕಾಯಿ ಬಂತೆಂದರೆ ನಮ್ಮ ಮನೆಯಲ್ಲಿ ಸಂಕ್ರಾಂತಿ ಕಳೆಯುವವರೆಗೂ ಬೇರೆ ಮಾತಿಲ್ಲ. ಅವರೆಕಾಳಿನ ಸಿಪ್ಪೆ ತೆಗೆದ ಹಿತುಕಿದಬೇಳೆ ಒಬ್ಬರಿಗಾಗಿ ಕೂತು ಹಿತುಕುವ ಕೆಲಸವಲ್ಲ, ಕಾಳು ಹಾಗೇ ಹಾಕಿ. ಬೇಸಿಗೆಗೆ ಸೌತೆ, ಸೋರೆ, ಮಜ್ಜಿಗೆ, ಆಮೇಲೆ ಮಾವು, ಹಲಸು, ನೇರಳೆ.

ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆ 2024ರಲ್ಲಿ ಕೊಟ್ಟ ಮಾರ್ಗಸೂಚಿಯಲ್ಲಿ 2000 ಕ್ಯಾಲೊರಿಯ ದಿನದ ಊಟಕ್ಕೆ ಸೊಪ್ಪು-ತರಕಾರಿ 400 ಗ್ರಾಂ, ಹಣ್ಣು 100 ಗ್ರಾಂ ಅಂತಿದೆ. ಅನ್ನದ ಪಕ್ಕ ಎರಡು ಚಮಚ ಪಲ್ಯ ಇಟ್ಟುಕೊಳ್ಳುವವರು ಆ ಲೆಕ್ಕದ ಹತ್ತಿರವೂ ಹೋಗುವುದಿಲ್ಲ. ಹಣ್ಣಿಗೆ ನಂಜನಗೂಡು ರಸಬಾಳೆಯೇ ಬೇಕೆಂದು ಹಟ ಹಿಡಿಯಬೇಡಿ. ಆ ಊರಿನದೇ ವಿಶೇಷ ಅಂತ ಭೌಗೋಳಿಕ ಸೂಚಿಕೆ (ಜಿಐ ಗುರುತು) ಸಿಕ್ಕ ಹಣ್ಣು ನಿಜ, ಆದರೆ ಅಪರೂಪ, ದುಬಾರಿ. ದಿನಕ್ಕೆ ಪಚ್ಚಬಾಳೆ, ಸೀಬೆಹಣ್ಣು ಸಾಕು.

ಊರವರು ಬೈದರೂ ಎರಡು ಮಾತು ಹೇಳಿಬಿಡುತ್ತೇನೆ. ರಾಗಿ ಒಳ್ಳೆಯದೇ, 100 ಗ್ರಾಂನಲ್ಲಿ ಸುಮಾರು 350 ಮಿಲಿಗ್ರಾಂ ಕ್ಯಾಲ್ಸಿಯಂ ಇರುತ್ತದೆ. ಹಾಗಂತ ಗದ್ದೆ ಉಳುವವರ ಗಾತ್ರದ ಮುದ್ದೆಯನ್ನು ಕಂಪ್ಯೂಟರ್ ಮುಂದೆ ಕೂರುವ ನಾವು ತಿನ್ನಬಾರದು. ಇನ್ನು ಬೆಲ್ಲ: ಮಂಡ್ಯದ ಆಲೆಮನೆಯಿಂದ ಬಿಸಿಬಿಸಿಯಾಗಿ ಬಂದರೂ ಅದು ಸಿಹಿಯೇ, ಮೈಯೊಳಗೆ ಹೋದರೆ ಸಕ್ಕರೆಯ ಕೆಲಸವನ್ನೇ ಮಾಡುತ್ತದೆ.

ಆರ್ಗ್ಯಾನಿಕ್ ಅಂಗಡಿಗೇ ಹೋಗಬೇಕಾ ಅಂತಲೂ ಕೇಳಿದ್ದೀರಿ. ದುಡ್ಡಿದ್ದರೆ ಹೋಗಿ. ಇಲ್ಲದಿದ್ದರೆ ಸೊಪ್ಪನ್ನು ಹೆಚ್ಚುವ ಮುಂಚೆಯೇ ನೀರು ಬದಲಿಸಿ ಬದಲಿಸಿ ಚೆನ್ನಾಗಿ ತೊಳೆಯಿರಿ. ಫ್ರಿಜ್ ಇಲ್ಲದಿರುವುದರಿಂದ ಸೊಪ್ಪು ತಂದ ದಿನವೇ ಬೇಯಿಸಿ. ವಾರಕ್ಕೆಂದು ಹೆಚ್ಚಿಗೆ ತರುವುದಾದರೆ ಸಿಹಿಗುಂಬಳ, ಸುವರ್ಣಗೆಡ್ಡೆ ತನ್ನಿ. ಎರಡೂ ಮೂಲೆಯಲ್ಲಿ ಹಾಗೇ ಬಿದ್ದಿದ್ದರೂ ಕೆಡುವುದಿಲ್ಲ, ಕುಂಬಳವನ್ನು ಮಾತ್ರ ಹೋಳಲ್ಲ, ಇಡೀ ಕಾಯಿಯಾಗಿ ತರಬೇಕು.