ಅಣ್ಣ-ತಮ್ಮ ಇಬ್ಬರೂ ಕೂತು ನೋಡೋಕೆ: ಫ್ರೆಡ್ ಕ್ಲಾಸ್

ದೊಡ್ಡ ಮಗ "ಎಲ್ಲರೂ ತಮ್ಮನನ್ನೇ ಹೊಗಳ್ತೀರಿ" ಅಂತ ಮುನಿಸಿಕೊಳ್ತಾನೆ, ಕ್ರಿಸ್‌ಮಸ್ ರಜೆಯಲ್ಲಿ ಇಬ್ಬರೂ ಒಟ್ಟಿಗೆ ನಗುವಂಥ ಸಿನಿಮಾ ಹೇಳಿ ಅಂತ ಕೇಳಿದ್ದೀರಿ. 2007ರ ‘ಫ್ರೆಡ್ ಕ್ಲಾಸ್’ ತೋರಿಸಿ. ಸಾಂಟಾನ ಅಣ್ಣನ ಕಥೆ ಅದು. ಅಣ್ಣ ಫ್ರೆಡ್ ಆಗಿ ವಿನ್ಸ್ ವಾನ್, ಸಾಂಟಾ ಆಗಿ ಪಾಲ್ ಜಿಯಾಮಟಿ.

ಇಡೀ ಜಗತ್ತೇ ಮೆಚ್ಚುವ ತಮ್ಮ ಇದ್ದರೆ ಅಣ್ಣನ ಪಾಡೇನು? ಚಿಕ್ಕವರಿದ್ದಾಗ ಫ್ರೆಡ್ ಹಚ್ಚಿಕೊಂಡಿದ್ದ ಹಕ್ಕಿಯ ಮರವನ್ನೇ ತಮ್ಮ ಕ್ರಿಸ್‌ಮಸ್‌ಗೆ ಕಡಿದು ತರುತ್ತಾನೆ, ಅದೂ ಒಳ್ಳೆಯ ಮನಸ್ಸಿನಿಂದಲೇ. ಬೈಯೋಕೂ ಆಗಲ್ಲ, ಮರೆಯೋಕೂ ಆಗಲ್ಲ. ನಿಮ್ಮ ದೊಡ್ಡವನಿಗೆ ಈ ದೃಶ್ಯ ಖಂಡಿತ ತಟ್ಟುತ್ತೆ.

ಮುಂದೆ ಷಿಕಾಗೋದಲ್ಲಿರುವ ಫ್ರೆಡ್‌ಗೆ ದುಡ್ಡು ಬೇಕಾಗುತ್ತೆ. ನಾನಿರುವ ಉತ್ತರ ಧ್ರುವಕ್ಕೆ ಬಂದು ದುಡಿದು ತಗೋ ಅಂತಾನೆ ತಮ್ಮ ಸಾಂಟಾ. ಒಳ್ಳೆ ಮಕ್ಕಳು ಯಾರು, ತುಂಟರು ಯಾರು ಅಂತ ಮುದ್ರೆ ಒತ್ತುವ ಕೆಲಸ ಸಿಗುತ್ತೆ. ಅಲ್ಲಿ ಅವನು ಏನು ಮಾಡ್ತಾನೆ ಅನ್ನೋದೇ ಚಿತ್ರದ ಜೀವ, ಹಾಗಾಗಿ ಹೇಳಲ್ಲ. ಸಾಂಟಾನ ಆಟಿಕೆ ವರ್ಕ್‌ಶಾಪಿನಲ್ಲಿ ಫ್ರೆಡ್ ಬೇರೆ ಹಾಡು ಹಾಕಿ ಎಲ್ಫ್‌ಗಳನ್ನೆಲ್ಲ (ಸಾಂಟಾನ ಪುಟ್ಟ ಸಹಾಯಕರು) ಕುಣಿಸೋದು ಚಿಕ್ಕವನಿಗೆ ಇಷ್ಟವಾಗುತ್ತೆ.

ಒಂದು ದೃಶ್ಯ ನಿಮಗಾಗಿ: ಖ್ಯಾತರ ಒಡಹುಟ್ಟಿದವರು ಸುತ್ತ ಕೂತು ಸಂಕಟ ತೋಡಿಕೊಳ್ತಾರೆ. ಅಲ್ಲಿರೋರು ನಿಜವಾದ ತಮ್ಮಂದಿರೇ! ಹಾಲಿವುಡ್ ನಟ ಸಿಲ್ವೆಸ್ಟರ್ ಸ್ಟಲೋನ್ ತಮ್ಮ ಫ್ರಾಂಕ್, ಬಿಲ್ ಕ್ಲಿಂಟನ್ ತಮ್ಮ ರೋಜರ್. ಮಕ್ಕಳಿಗೆ ಇದು ಗೊತ್ತಾಗಲ್ಲ, ನೀವು ನಗ್ತೀರಿ.

ಚಿತ್ರ ಸುಮಾರು 2 ಗಂಟೆ. ಸಾಂಟಾನ ಕೆಲಸವನ್ನು ತಪಾಸಣೆ ಮಾಡೋಕೆ ಬರುವ ಅಧಿಕಾರಿಯ (ನಟ ಕೆವಿನ್ ಸ್ಪೇಸಿ) ಭಾಗ ಎಳೆದ ಹಾಗಿದೆ, ಚಿಕ್ಕವನು ಅಲ್ಲಿ ಎದ್ದು ಓಡಾಡಿದರೆ ಬಿಟ್ಟುಬಿಡಿ. ಆದರೆ ಕೊನೆಯ ಅರ್ಧ ಗಂಟೆಗೆ ಇಬ್ಬರನ್ನೂ ಪಕ್ಕಪಕ್ಕ ಕೂರಿಸಿ.